2024ರ ಜೂನ್‌ ಘಟನೆಗೆ ಜುಲೈನಲ್ಲಿ ಎಫ್‌ಐಆರ್ ಆದರೆ ಯಾವ ಕಾನೂನು?

ಹಳೆಯದು, ಹೊಸದು ಎರಡೂ ಬರುತ್ತವೆ. ಗದಗದ ಒಂದು ಹೊಡೆದಾಟದ ಕೇಸನ್ನೇ ನೋಡಿ: ಅದು ನಡೆದದ್ದು ಜೂನ್ 28ಕ್ಕೆ, ಎಫ್‌ಐಆರ್ ಆದದ್ದು ಜುಲೈ 3ಕ್ಕೆ. ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅಪರಾಧ ಅದಕ್ಕಿಂತ ಮೊದಲಿನದು, ಹಾಗಾಗಿ ಹಾಕಬೇಕಾದ ಕಲಂ ಹಳೆಯ ದಂಡ ಸಂಹಿತೆಯಾದ ಐಪಿಸಿಯದ್ದೇ. ತನಿಖೆ, ಜಾಮೀನು, ವಿಚಾರಣೆ ಮಾತ್ರ ಹೊಸ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಪ್ರಕಾರ. ಜುಲೈ 1ಕ್ಕೆ ಮೊದಲೇ ತನಿಖೆ ಶುರುವಾಗಿದ್ದರೆ ಹಳೆಯ ಪ್ರಕ್ರಿಯಾ ಸಂಹಿತೆಯಾದ ಸಿಆರ್‌ಪಿಸಿಯಲ್ಲೇ ಮುಂದುವರಿಯುತ್ತಿತ್ತು, ಬಿಎನ್‌ಎಸ್‌ಎಸ್‌ನ 531ನೇ ಕಲಂ ನೋಡಿ.

ಜಾಸ್ತಿ ಕಾಳಜಿ ಬೇಕಾದದ್ದು ಸಾಕ್ಷ್ಯದಲ್ಲಿ. ಅಂಗಡಿಯ ಸಿಸಿಟಿವಿ ದೃಶ್ಯವನ್ನು ಸುಮ್ನೆ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಸಾಲದು. ಜೊತೆಗೆ ಹೊಸ ಸಾಕ್ಷ್ಯ ಕಾನೂನಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂನ ಪ್ರಮಾಣಪತ್ರ ಬೇಕು, ಅದಕ್ಕೆ ಈಗ ಎರಡು ಭಾಗ. ‘ಎ’ ಭಾಗ ಹಾಜರುಪಡಿಸುವವರದು, ‘ಬಿ’ ಭಾಗ ತಜ್ಞರದು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ಬರೆಯಬೇಕು. ದೃಶ್ಯ ಅಳಿಸಿಹೋಗುವ ಮೊದಲೇ ಅಂಗಡಿಯವರನ್ನು ಕೇಳಿ ಇಟ್ಟುಕೊಳ್ಳಿ. ತಡವಾದರೆ ಬಡ ಕಕ್ಷಿದಾರನ ಕೇಸೇ ಹೋಗುತ್ತದೆ, ಅಲ್ವಾ?

ಇನ್ನೊಂದು ಮಾತು. ಎಫ್‌ಐಆರ್ ರದ್ದು ಕೋರಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುವಾಗ ರೂಢಿಯಂತೆ ಹಳೆಯ ಸಿಆರ್‌ಪಿಸಿಯ ಕಲಂ 482 ಎಂದು ಬರೆಯಬೇಡಿ. ರದ್ದತಿಗೆ ಈಗ ಬಿಎನ್‌ಎಸ್‌ಎಸ್‌ನ 528. ಬಿಎನ್‌ಎಸ್‌ಎಸ್‌ನ 482 ಅಂದರೆ ನಿರೀಕ್ಷಣಾ ಜಾಮೀನು.