ಕರಿಕೋಟಿನಿಂದ ಕಣಕ್ಕೆ

ಪ್ರಶ್ನೆ: ಜಮಖಂಡಿಯಲ್ಲಿ ವಕೀಲರಾಗಿದ್ದ ಬಿ.ಡಿ. ಜತ್ತಿಯವರು ರಾಷ್ಟ್ರಪತಿಯೂ ಆಗಿದ್ದರೇ? ವಕೀಲರು ಶಾಸಕರಾದರೆ ವಕೀಲಿಕೆ ಬಿಡಬೇಕೇ? (ಓದುಗರೊಬ್ಬರು, ಮುಧೋಳ)

ಉತ್ತರ: ಹಂಗಾಮಿ ರಾಷ್ಟ್ರಪತಿ ಆಗಿದ್ದರು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ಆ ಹೊಣೆ ಹೊತ್ತರು. 1912ರಲ್ಲಿ ಸಾವಳಗಿಯಲ್ಲಿ ಜನನ, ಕೊಲ್ಲಾಪುರದಲ್ಲಿ ಕಾನೂನು ಓದು. ರಾಜಕಾರಣ ಶುರುವಾದದ್ದು ಜಮಖಂಡಿ ಪುರಸಭೆಯಿಂದ. ಸದಸ್ಯರಾಗಿ, ಅಧ್ಯಕ್ಷರಾಗಿ, ಆಮೇಲೆ ಸಂಸ್ಥಾನದ ಮಂತ್ರಿಯಾದರು. 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ ಮತ್ತೆ ಕರಿಕೋಟು ತೊಟ್ಟು ಕೋರ್ಟಿಗೆ ಹೋದರು. ಅಧಿಕಾರ ಹೋದಾಗ ಕೈಯಲ್ಲೊಂದು ಕಸುಬು ಇದ್ದದ್ದು ಸಣ್ಣ ಅನುಕೂಲವಲ್ಲ. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ.

ಶಾಸಕರು ವಕೀಲಿಕೆ ಬಿಡಬೇಕಿಲ್ಲ. ಶಾಸಕ ಸಂಬಳದ ನೌಕರನಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಣಕ್ಕಿಳಿಯುವ ಮನಸ್ಸಿದ್ದರೆ: ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಸೂಚಕರಾಗಬೇಕು. ವಕೀಲರೂ ಎಡವುವುದು ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ (ಅಫಿಡವಿಟ್): ಸಾಲ, ಆಸ್ತಿ, ಕೇಸು ಏನೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ. ಚುನಾವಣಾಧಿಕಾರಿ ಸೂಚಿಸಿದ ಮೇಲೂ ಕಾಲಂ ಖಾಲಿ ಉಳಿದರೆ ನಾಮಪತ್ರ ತಿರಸ್ಕಾರವಾಗುತ್ತದೆ.