ಹಕ್ಕಿ-ಗೆಡ್ಡೆ ಹೋಲಿಕೆ ಎಲ್ಲಿ ತಪ್ಪುತ್ತಿದೆ

ತುಮಕೂರಿನ ನಿಮ್ಮ ಶಾಲೆಯ ಚಾರ್ಟಿನಲ್ಲಿ ಹಳದಿ ಎದೆಯ ಬಂಟಿಂಗ್ ಅನ್ನೋ ಸಣ್ಣ ವಲಸೆ ಹಕ್ಕಿಗೂ ಗೆಡ್ಡೆಯಿಂದ ಬೆಳೆಯುವ ಕಾಡು ಈರುಳ್ಳಿ ಗಿಡಕ್ಕೂ ಹೋಲಿಕೆ ಕೂಡಿಬರದಿರಲು ಕಾರಣ, ಬಹುಶಃ, ‘ಎಷ್ಟು ಉಳಿದಿವೆ’ ಅನ್ನೋ ಕಾಲಮ್ಮಿನಿಂದ ಶುರುಮಾಡಿದ್ದು. ಮೊದಲು ಅದನ್ನು ತೆಗೆದು ‘ಕಷ್ಟಕಾಲ ಕಳೆಯುವ ಬಗೆ’ ಅಂತ ಬರೆಸಿ. ಹಕ್ಕಿ ಉತ್ತರದ ಜೌಗು ಹುಲ್ಲುಗಾವಲಲ್ಲಿ ಮರಿಮಾಡಿ, ಚಳಿಗೆ ನಮ್ಮ ಈಶಾನ್ಯ ರಾಜ್ಯಗಳವರೆಗೂ ಬರುತ್ತದೆ. ಗೆಡ್ಡೆ ಇದ್ದಲ್ಲೇ ಮಣ್ಣೊಳಗೆ ಒಣಗಾಲ ತಳ್ಳಿ, ಎಲೆಗಿಂತ ಮೊದಲೇ ಬೋಳು ನೆಲದಿಂದ ಉದ್ದನೆ ಹೂದಂಟು ಎಬ್ಬಿಸುತ್ತದೆ. ಮಕ್ಕಳಿಗೆ ನಾಟುವುದು ಇದೇ.

ಆಮೇಲಿನ ಕಾಲಮ್ಮು ‘ಅಪಾಯ’. ಮುಖ್ಯವಾಗಿ ಚೀನಾದಲ್ಲಿ, ತಿನ್ನಲೆಂದು ಬಲೆಹಾಕಿ ಹಿಡಿದದ್ದರಿಂದ, ಒಂದು ಕಾಲಕ್ಕೆ ಹೇರಳವಾಗಿದ್ದ ಹಕ್ಕಿ 2017ರಲ್ಲಿ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ‘ತೀವ್ರ ಅಳಿವಿನಂಚಿನ’ ಪಟ್ಟಿಗೆ ಬಿತ್ತು. ಗೆಡ್ಡೆಯನ್ನು ಔಷಧಿಗೆಂದು ಅಗೆದರೆ ಗಿಡವೇ ಹೋಯಿತು.

ದೇವರಾಯನದುರ್ಗದ ಕಡೆ ಹೂದಂಟು ಕಂಡರೆ ಫೋಟೋ ಸಾಕು, ದಯವಿಟ್ಟು ಕೀಳಿಸಬೇಡಿ. ಗೆಡ್ಡೆಯ ರಸ ತಾಗಿದರೆ ತುರಿಕೆ, ತಿಂದರೆ ವಿಷ.