ಅಮ್ಮನನ್ನು ನೋಡಿ ಬನ್ನಿ

ಸಕಲೇಶಪುರದ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರಿಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ಬಿಟ್ಟು ಹೋದರಂತೆ. ಸಾಕಿದ್ದು ಅಪ್ಪನ ತಾಯಿ. ಈಗ ಅಮ್ಮ ಮೂಡಿಗೆರೆಯಲ್ಲಿದ್ದಾರೆ ಅಂತ ಗೊತ್ತಾಗಿದೆ. ‘ನಲವತ್ತು ದಾಟಿದ ಮೇಲೂ ಒಮ್ಮೆ ನೋಡಬೇಕು ಅನ್ನಿಸುತ್ತದೆ. ಇದು ಅಜ್ಜಿಗೆ ಮಾಡುವ ದ್ರೋಹ ಅಲ್ವಾ ಸಾರ್?’ ಎಂದು ಕೇಳಿದ್ದಾರೆ.

ಅಲ್ಲ. ಅಜ್ಜಿಯ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ತೀರಿಸಲು ಹೆತ್ತವಳನ್ನು ಮರೆಯಬೇಕು ಅಂತ ಎಲ್ಲಿದೆ? ನಮ್ಮ ಮಲೆನಾಡಿನಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಕರ್ಣಭೇದನ ಗೊತ್ತು. ಕುಂತಿ ಎದುರು ಬಂದು ನಿಂತಾಗ ಕರ್ಣ ಅವಳನ್ನು ಬರಿಗೈಲಿ ಕಳಿಸಲಿಲ್ಲ, ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಎಂದು ಮಾತು ಕೊಟ್ಟ. ಹಾಗಂತ ಸಾಕಿದ ತಾಯಿ ರಾಧೆಯನ್ನು ಬಿಟ್ಟುಕೊಟ್ಟನೇ? ಕೊನೆವರೆಗೂ ರಾಧೇಯನಾಗಿಯೇ ಉಳಿದ. ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ಮನೋವೈದ್ಯರು ಮನೆಯಿಂದ ದೂರವಾದ ಮಕ್ಕಳ ಬಗ್ಗೆ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿ ಬರೆದರು. ಸರಿಯಾಗಿ ನೋಡಿಕೊಳ್ಳದ ತಂದೆತಾಯಿಯನ್ನೂ ಮಕ್ಕಳು ಬಿಡದೆ ಹಂಬಲಿಸುತ್ತಾರೆ ಅನ್ನೋದು ಅದರಲ್ಲಿದೆ. ನಿಮ್ಮ ಹಂಬಲದಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ನಿಮ್ಮ ಮೇಲೆ ಒಂದು ದೂರಿದೆ. ದೊಡ್ಡಮ್ಮ ಏನಂದರು, ಚಿಕ್ಕಪ್ಪ ಏನಂದರು ಅಂತ ಮೂರು ಪುಟ ತುಂಬಿಸಿದ್ದೀರಿ. ನಡುವೆ ಎರಡೇ ಸಾಲು: ‘ತಂಗಿ ಹುಟ್ಟಿ ತೀರಿಕೊಂಡ ಮೇಲೆ ಅಮ್ಮ ರಾತ್ರಿಯೆಲ್ಲ ನಿದ್ದೆ ಮಾಡುತ್ತಿರಲಿಲ್ಲವಂತೆ, ಏನೇನೋ ಮಾತಾಡುತ್ತಿದ್ದರಂತೆ. ಮಾವಂದಿರು ಬಂದು ಕರಕೊಂಡು ಹೋದರಂತೆ.’ ಇಷ್ಟು ಬರೆದು ಮುಂದೆ ಹೋಗಿಬಿಟ್ಟಿರಲ್ಲ! ಕರಕೊಂಡು ಹೋದರು ಅಂದ ಮೇಲೆ ಬಿಟ್ಟು ಹೋದಳು ಅಂತ ಹೇಗೆ ಹೇಳುತ್ತೀರಿ?

ನಾನು ಡಾಕ್ಟರಲ್ಲ. ಆದರೆ ಓದಿದ ಕೂಡಲೇ ನನಗೆ ಬಾಣಂತಿ ಸನ್ನಿಯ ನೆನಪಾಯಿತು. ಸಾವಿರ ಹೆರಿಗೆಯಲ್ಲಿ ಒಂದೆರಡು ಹೆಂಗಸರಿಗೆ ಬರುವ ಮನಸ್ಸಿನ ಕಾಯಿಲೆ, ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಗುಣವಾಗುತ್ತಾರೆ. ಅರಕಲಗೂಡು ಕಡೆಯ ಒಂದು ಮನೆಯಲ್ಲಿ ನಾನೇ ನೋಡಿದ್ದೇನೆ. ಬಾಣಂತಿಗೆ ದೆವ್ವ ಹಿಡಿದಿದೆ ಅಂತ ತಾಯತ ಕಟ್ಟಿಸಿದರು, ಬೇವಿನ ಸೊಪ್ಪಲ್ಲಿ ಹೊಡೆಸಿದರು, ಕೊನೆಗೆ ಮಗುವನ್ನು ಕಿತ್ತುಕೊಂಡು ತವರಿಗೆ ಅಟ್ಟಿದರು. ಆಮೇಲೆ ಆಕೆ ಹುಷಾರಾದರು. ಅಷ್ಟು ಹೊತ್ತಿಗೆ ಇಲ್ಲಿ ಇನ್ನೊಂದು ಹೆಣ್ಣು ನೋಡಿಯಾಗಿತ್ತು. ಮಗನನ್ನು ಕೇಳಲು ಬಂದರೆ ಗೇಟೂ ತೆಗೆಯಲಿಲ್ಲ. ಆ ಹುಡುಗನೂ ಅಮ್ಮ ಬಿಟ್ಟು ಹೋದಳು ಅಂತಲೇ ಕೇಳಿಕೊಂಡು ಬೆಳೆದ.

1956ರ ಹಿಂದೂ ಪೋಷಕತ್ವ ಕಾಯ್ದೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಅನ್ನುತ್ತದೆ. ನಿಮಗಾಗ ನಾಲ್ಕು. ನಿಮ್ಮ ಅಮ್ಮನಿಗೆ ಇದನ್ನು ಯಾರಾದರೂ ಹೇಳಿರಬಹುದೇ? 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸುಮ್ಮನೆ ಬೇರೆ ಮಾಡಬಾರದು ಅನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡೇ ಇದೆ. ನಮ್ಮ ಎಷ್ಟು ಮನೆಗಳಿಗೆ ಇದು ಗೊತ್ತು?

ಇನ್ನೊಂದು ಸಂಕಟ ಹೇಳಿಬಿಡುತ್ತೇನೆ. ಕಾಫಿ ರೇಟು ಬಿತ್ತು, ಸಾಲ ಆಯ್ತು ಅಂತ ಹೆಂಡತಿ ಮಕ್ಕಳನ್ನು ಬಿಟ್ಟು ಬೆಂಗಳೂರು ಸೇರಿದ ಗಂಡಸರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ವರ್ಷಗಟ್ಟಲೆ ಬಿಟ್ಟು ಬಂದರೂ ಅವರಿಗೆ ಮಣೆ ಹಾಕಿ ಊಟ ಬಡಿಸುತ್ತೇವೆ. ಹೆಂಗಸು ಹೊಸಿಲು ದಾಟಿದರೆ ಮಾತ್ರ ಸಾಯುವ ತನಕ ಕಟಕಟೆ. ಇದು ನ್ಯಾಯವೇ ಅಲ್ಲ, ಇಲ್ಲಿ ಎಷ್ಟು ಸಲ ಬರೆದರೂ ನನಗೆ ಸಾಕಾಗುವುದಿಲ್ಲ.

ನೀವು ಹೋಗಿ. ಅಜ್ಜಿಗೆ ಹೇಳಿಯೇ ಹೋಗಿ, ಕದ್ದು ಹೋಗಬೇಡಿ. ಯಾಕೆ ಬಿಟ್ಟು ಹೋದೆ ಅಂತ ಮೊದಲ ದಿನವೇ ಕೇಳಬೇಡಿ. ತಂಗಿ ತೀರಿಕೊಂಡ ದಿನಗಳಲ್ಲಿ ಏನಾಯಿತು ಅಂತ ಅವರೇ ಹೇಳುವ ತನಕ ಕಾಯಿರಿ. ಒಂದು ವೇಳೆ ಅವರು ನಿಮ್ಮನ್ನು ನೋಡಲು ಒಪ್ಪದಿದ್ದರೆ ಫೋನ್ ನಂಬರ್ ಕೊಟ್ಟು ಬನ್ನಿ, ಆಮೇಲೆ ನನಗೆ ಬರೆಯಿರಿ.